ಎಫ್‌ಡಿ ಮಾಡಿ ಮಾರಾಯ್ರೆ!

ಮಳೆ ಬಿಟ್ಟ ಮೇಲಿನ ಮೊದಲ ಭಾನುವಾರ ನಮ್ಮ ಉಡುಪಿ ಕಡೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಬೂಷ್ಟು ಹಿಡಿದ ಕಂಬಳಿ, ಚಾಪೆ, ಬೆಲ್ಟು, ಮದುವೆಯ ಕೋಟು ಎಲ್ಲ ಅಂಗಳಕ್ಕೆ ಬರುತ್ತವೆ. ನಮ್ಮ ಮನೆಯಲ್ಲಿ ಅವುಗಳ ಜೊತೆ ಬೈಕೂ ಬರುತ್ತದೆ.

ಈ ಸಲ ಬಂತು, ಅಷ್ಟೇ. ಮುಂದೆ ಹೋಗಲಿಲ್ಲ.

ಬೆಳಿಗ್ಗೆ ಐದೂಕಾಲಕ್ಕೆ ಜಾಕೆಟ್, ಗ್ಲೌಸ್, ಹೆಲ್ಮೆಟ್, ಮೊಣಕಾಲಿಗೆ ಪ್ಯಾಡ್ ಎಲ್ಲ ಬಿಗಿದುಕೊಂಡು ಯಕ್ಷಗಾನದ ಬಣ್ಣದ ವೇಷದ ಹಾಗೆ ಅಂಗಳಕ್ಕಿಳಿದು ಸೆಲ್ಫ್ ಒತ್ತಿದೆ. 'ಟಿಕ್' ಎಂದಿತು. ಮತ್ತೆ ಒತ್ತಿದೆ. 'ಟಿಕ್'. ನಮ್ಮ ಮನೆಯ ಹಲ್ಲಿ ಇದಕ್ಕಿಂತ ಜೋರಾಗಿ ಲೊಚಗುಟ್ಟುತ್ತದೆ. ಹೆಬ್ರಿಯಲ್ಲಿ ಗೆಳೆಯರು ಕಾಯುತ್ತಿದ್ದರು. ಬನ್ಸ್ ತಿಂದು, ಚಾ ಕುಡಿದು, ಆಗುಂಬೆಯ 14 ತಿರುವು ಹತ್ತುವುದೆಂದು ಜೂನ್ ತಿಂಗಳಲ್ಲೇ ನಿಶ್ಚಯವಾಗಿತ್ತು.

ಮೂರನೇ ಟಿಕ್‌ಗೆ ಕಂಪೌಂಡಿನ ಆಚೆಯಿಂದ ದನಿ ಬಂತು. "ಎಂತ ಮಾರಾಯ್ರೆ, ಇವತ್ತೂ ಇಲ್ವಾ?"

ನೆರೆಮನೆಯ ರಾಯರು. ಬ್ಯಾಂಕಿನಿಂದ ನಿವೃತ್ತರಾಗಿ ವರ್ಷಗಳೇ ಆದರೂ ಬ್ಯಾಂಕು ಇನ್ನೂ ಅವರಿಂದ ನಿವೃತ್ತವಾಗಿಲ್ಲ. ಅವರ ಲೆಕ್ಕದಲ್ಲಿ ಲೋಕದ ಸಕಲ ದುಃಖಕ್ಕೂ ಒಂದೇ ಮದ್ದು, ಎಫ್‌ಡಿ. ನನ್ನ ಬೈಕಿನ ಹಿಂದಿನ ಟೈರ್ ಬದಲಿಸಿದಾಗ, "3,200 ಅಲ್ವಾ? ಅದನ್ನು ಇಟ್ಟಿದ್ದರೆ..." ಎಂದು ಕಣ್ಣು ಮುಚ್ಚಿ ತ್ರೈಮಾಸಿಕ ಚಕ್ರಬಡ್ಡಿಗೆ ಇಳಿದರು. ಚೈನ್ ಸೆಟ್ ಹಾಕಿಸಿದಾಗ ಮತ್ತೆ ಕಣ್ಣು ಮುಚ್ಚಿದರು. ನಾನು ಬಿಲ್ಲು ಕಳೆದುಕೊಂಡರೂ ಅವರಿಗೆ ಮೊತ್ತ ನೆನಪಿರುತ್ತದೆ. ಹೋದ ಮೇ ತಿಂಗಳಲ್ಲಿ ಒಂದು ಮದುವೆಯಲ್ಲಿ ಪಂಕ್ತಿಯಲ್ಲಿ ಪಕ್ಕದಲ್ಲೇ ಸಿಕ್ಕಿದರು. ಹೋಳಿಗೆಗೆ ತುಪ್ಪ ಬೀಳುವ ಹೊತ್ತು. ಅಂಥ ಪುಣ್ಯಕಾಲದಲ್ಲಿ ಕಿವಿಯ ಹತ್ತಿರ ಬಾಗಿ, "ಬೈಕ್ ಕೊಟ್ರಾ?" ಎಂದರು. ಇಲ್ಲವೆಂದೆ. ಎಲೆಯ ಬದಿಯಲ್ಲಿ ಉಪ್ಪಿನ ಮೇಲೆ ಬೆರಳಿನಿಂದಲೇ ಬಡ್ಡಿ ಬರೆದು ತೋರಿಸಿದರು. ನನಗೆ ಆ ಹೋಳಿಗೆ ಇನ್ನೂ ಜೀರ್ಣವಾಗಿಲ್ಲ.

ನನ್ನದು 2006ರಲ್ಲಿ ಕೊಂಡ ಹೀರೋ ಹೋಂಡಾ ಕರಿಜ್ಮಾ. 223 ಸಿಸಿ, 15 ಲೀಟರಿನ ಟ್ಯಾಂಕ್, ಎದೆಗೆ ಗಾಳಿ ಬಡಿಯದ ಹಾಗೆ ಮುಂದೊಂದು ಅರ್ಧ ಹೊದಿಕೆ, ಅಂದರೆ ಫೇರಿಂಗ್. ಹೀರೋ ಮತ್ತು ಹೋಂಡಾ ಬೇರೆಯಾಗುವ ಸುದ್ದಿ 2010ರ ಡಿಸೆಂಬರಿನಲ್ಲಿ ಬಂತು. ಗಂಡ ಹೆಂಡತಿ ತಮ್ಮ ತಮ್ಮ ದಾರಿ ಹಿಡಿದರು, ಮಗುವನ್ನು ನಾನು ಸಾಕುತ್ತಿದ್ದೇನೆ. 15 ವರ್ಷ ತುಂಬಿದಾಗ ಆರ್‌ಸಿ ನವೀಕರಿಸಿ ಇನ್ನೈದು ವರ್ಷದ ಆಯುಷ್ಯವನ್ನೂ ಬರೆಸಿಕೊಂಡು ಬಂದಿದ್ದೇನೆ.

ಯಾಕೆ ಮಾರುವುದಿಲ್ಲ ಎಂದು ಒಮ್ಮೆ ರಾಯರಿಗೆ ಕೂರಿಸಿ ವಿವರಿಸಿದ್ದೆ. ನೋಡಿ ರಾಯರೇ, ರೇಸ್ ಬೈಕಿನಲ್ಲಿ ಟ್ಯಾಂಕಿಗೆ ಸಾಷ್ಟಾಂಗ ಹಾಕಬೇಕು, ಮಣಿಪಾಲ ಮುಟ್ಟುವಾಗ ಸೊಂಟ ಹೋಗುತ್ತದೆ. ಕ್ರೂಸರಿನಲ್ಲಿ ಈಸಿಚೇರಿನ ಹಾಗೆ ಒರಗಿ ಕೂತರೆ ಗಾಳಿಯೆಲ್ಲ ಎದೆಗೆ. ಇದು ಹಾಗಲ್ಲ, ಎಲೆಯ ಮುಂದೆ ಕೂತವನು ತುತ್ತಿಗೆ ಬಾಗುವಷ್ಟೇ ಬಾಗಿದರೆ ಸಾಕು. ಬೆಳಿಗ್ಗೆ ಹೊರಟು ಗೋಕರ್ಣಕ್ಕೆ ಹೋಗಿ ಸಂಜೆ ಬಂದರೂ ಬೆನ್ನು ಬೆನ್ನಾಗಿಯೇ ಇರುತ್ತದೆ. ಮರವಂತೆಯಲ್ಲಿ ಒಂದು ಬದಿಗೆ ಸೌಪರ್ಣಿಕೆ, ಇನ್ನೊಂದು ಬದಿಗೆ ಕಡಲು, ಅಡ್ಡಗಾಳಿ ಬೀಸಿದರೆ ಹೊಸ ಹಗುರ ಗಾಡಿಗಳು ಅಲುಗಾಡುತ್ತವೆ, ಇದು ತಲೆಕೆಡಿಸಿಕೊಳ್ಳುವುದಿಲ್ಲ. 80ರ ವೇಗದಲ್ಲಿ ಇಂಜಿನ್ ಏನೂ ಅವಸರವಿಲ್ಲದೆ ಗುನುಗುತ್ತದೆ. ಆ ಗುನುಗಿನಲ್ಲಿ ಒಂದು ಸ್ವರ ತಪ್ಪಿದರೂ ಟ್ಯಾಪೆಟ್ಟೋ ಚೈನೋ ಎಂದು ನನಗೆ ಗೊತ್ತಾಗುತ್ತದೆ. ಹೊಸ ಬೈಕುಗಳಲ್ಲಿ ರೈನ್ ಮೋಡ್ ಅಂತೆ. ಜೂನ್‌ನಿಂದ ನಾಲ್ಕು ತಿಂಗಳು ನಮ್ಮ ಊರೇ ರೈನ್ ಮೋಡಿನಲ್ಲಿರುವಾಗ ಬೈಕಿಗೆ ಬೇರೆ ಬೇಕಾ?

ಹೊರದೇಶದ ಕತೆಯನ್ನೂ ಸೇರಿಸಿದೆ. 1976ರಲ್ಲೇ ಬಿಎಂಡಬ್ಲ್ಯು ತನ್ನ ಆರ್100ಆರ್‌ಎಸ್‌ಗೆ ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿ ಪೂರ್ತಿ ಫೇರಿಂಗ್ ತೊಡಿಸಿತು. 1990ರಲ್ಲಿ ಬಂದ ಹೋಂಡಾ ಎಸ್‌ಟಿ1100ರಲ್ಲಿ ಚೈನೇ ಇಲ್ಲ, ಹಿಂದಿನ ಚಕ್ರ ತಿರುಗಿಸುವುದು ಶಾಫ್ಟು. ಟ್ಯಾಂಕು 28 ಲೀಟರ್. ಈಗ ಕಂಪನಿಗಳಿಗೆ ಕೊಕ್ಕರೆಯ ಹಾಗೆ ಎತ್ತರದ ಅಡ್ವೆಂಚರ್ ಬೈಕುಗಳ ಮೇಲೆ ಮೋಹ, ಗಾಳಿ ತಡೆದು ದೂರ ಓಡುವ ಇಂಥ ಬೈಕುಗಳನ್ನು ಮಾಡುವುದು ಕಡಿಮೆಯಾಯಿತು. ಹಾಗಾಗಿ ಇದ್ದವರು ಬಿಡುವುದಿಲ್ಲ.

ರಾಯರು ಎಲ್ಲ ಕೇಳಿಸಿಕೊಂಡು ಗಂಭೀರವಾಗಿ ತಲೆದೂಗಿದರು. "28 ಲೀಟರಾ? ಪೆಟ್ರೋಲಿಗೆ ನೂರು ದಾಟಿದೆ. 2,800 ಅಂತಿಟ್ಟುಕೊಳ್ಳಿ. ಅದನ್ನು..." ಎಂದು ಕಣ್ಣು ಮುಚ್ಚಿದರು.

ಇವತ್ತು ಬೆಳಿಗ್ಗೆ ಆ ಕಣ್ಣು ಮುಚ್ಚುವ ಹೊತ್ತಿಗೆ ನನ್ನ ಹೆಲ್ಮೆಟ್ಟಿನೊಳಗೆ ಆವಿ ತುಂಬಿತ್ತು. ಓಣಿಯ ಇಳಿಜಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಎರಡು ಸಲ ತಳ್ಳಿಯಾಗಿತ್ತು. ಮೇಲೆ ತರುವುದು ನಾನು, ಪಕ್ಕದಲ್ಲಿ ನಡೆಯುತ್ತ ಲೆಕ್ಕ ಹೇಳುವುದು ಅವರು. "ಈಗ ಕೊಟ್ಟರೂ 25 ಸಾವಿರ ಸಿಗಬಹುದು. ಐದು ವರ್ಷಕ್ಕೆ ಇಟ್ಟರೆ..."

"ರಾಯರೇ, ನೀವು ದುಡಿದ ಬ್ಯಾಂಕೇ ಈಗ ಇಲ್ಲ. ನನ್ನ ಬೈಕ್ ಉಂಟು!" ಎಂದುಬಿಟ್ಟೆ.

ಹೇಳಬಾರದಿತ್ತು. 1906ರಲ್ಲಿ ಇದೇ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋಯಿತು. ಹಳೆಯ ಬೋರ್ಡು ಇಳಿಸಿದ ದಿನ ರಾಯರು ವಾಕಿಂಗಿಗೆ ಬೇರೆ ದಾರಿಯಲ್ಲಿ ಹೋಗಿದ್ದರೆಂದು ಅವರ ಮನೆಯವರು ನನ್ನ ಹೆಂಡತಿಗೆ ಹೇಳಿದ್ದರು. ಈಗ ಅವರು ಏನೂ ಅನ್ನಲಿಲ್ಲ. ಹಿಂದೆ ಬಂದು, ಪಂಚೆ ಎತ್ತಿ ಕಟ್ಟಿ, ಸೀಟಿನ ಹಿಂದಿನ ಹಿಡಿಕೆಗೆ ಕೈ ಕೊಟ್ಟು, "ಹಾಕಿ ಗೇರು" ಎಂದರು. ಮೂರನೇ ಸಲ ಇಬ್ಬರೂ ಸೇರಿ ತಳ್ಳಿದೆವು. ಬೈಕು ಮಾತ್ರ ಯಾರ ಪರವೂ ವಹಿಸಲಿಲ್ಲ.

ಎಂಟು ಗಂಟೆಗೆ ಮೆಕ್ಯಾನಿಕ್ ಹುಡುಗ ಬಂದ. ಒಂದು ಸ್ಕ್ರೂಡ್ರೈವರಿನಲ್ಲಿ ಕಾರ್ಬೊರೇಟರ್ ಬಿಚ್ಚಿ, ಅಡಿಯ ಬಟ್ಟಲನ್ನು ನನ್ನ ಮೂಗಿಗೆ ಹಿಡಿದ. "ಅಣ್ಣ, ಇದು ಪೆಟ್ರೋಲಲ್ಲ, ಕಷಾಯ." ಬಣ್ಣವೂ ಹಾಗೇ ಇತ್ತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್, ಅದು ಗಾಳಿಯ ನೀರು ಎಳೆಯುತ್ತದೆ, ಮಳೆಗಾಲಕ್ಕೆ ನಿಲ್ಲಿಸುವ ಮೊದಲು ಬಟ್ಟಲು ಖಾಲಿ ಮಾಡಬೇಕು ಎಂದು ಹೋದ ವರ್ಷವೂ ಹೇಳಿದ್ದನಂತೆ. ತಪ್ಪು ಬೈಕಿನದ್ದಲ್ಲ, ನನ್ನದೇ. ಕೂದಲೆಳೆಯಂಥ ತಂತಿಯಿಂದ ಪೆಟ್ರೋಲ್ ಹಾಯುವ ಜೆಟ್ ಚುಚ್ಚಿ, ಊದಿ, ಬೆಳಕಿಗೆ ಹಿಡಿದು ನೋಡಿದ. ನೋಡಿ, ಲ್ಯಾಪ್‌ಟಾಪ್ ಬೇಡ, ಸಾಫ್ಟ್‌ವೇರ್ ಬೇಡ, ಉಸಿರಿದ್ದರೆ ಸಾಕು ಎಂದು ರಾಯರ ಕಡೆ ತಿರುಗಿದೆ.

ಅವರು ಬೈಕಿನ ಮೇಲೆ ಹತ್ತಿ ಕೂತಿದ್ದರು.

"ನನ್ನದು ಯೆಜ್ಡಿ ರೋಡ್‌ಕಿಂಗ್," ಎಂದರು, ಯಾರೂ ಕೇಳದಿದ್ದರೂ. "ಮೈಸೂರಿನ ಫ್ಯಾಕ್ಟರಿಯದ್ದು. ಕೊಲ್ಲೂರಿಗೆಲ್ಲ ಹೋಗ್ತಿದ್ದೆವು. ಉತ್ತರಕ್ಕೆ ಟ್ರಾನ್ಸ್‌ಫರ್ ಆಯ್ತು, ಕೊಟ್ಟೆ. ಆರು ಸಾವಿರ. ಎಫ್‌ಡಿ ಮಾಡಿದೆ."

"ಎಷ್ಟಾಯ್ತು ಮತ್ತೆ?"

"ಮಿಕ್ಸಿ ತಗೊಂಡೆವು."

ಮಾತಾಡುತ್ತಿರುವಾಗಲೇ ಅವರ ಎಡಗಾಲು ಹವಾಯಿ ಚಪ್ಪಲಿಯ ಸಮೇತ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಎತ್ತುವುದು, ಕೆಳಗೆ ಒದೆಯುವುದು, ಮತ್ತೆ ಎತ್ತುವುದು. ಮೆಕ್ಯಾನಿಕ್ ಹುಡುಗ ಕಣ್ಣು ಬಿಟ್ಟು ನೋಡಿದ. ಯೆಜ್ಡಿಯಲ್ಲಿ ಕಿಕ್ಕರ್ ಎಡಕ್ಕೆ, ಗೇರಿಗೂ ಕಿಕ್ಕಿಗೂ ಅದೇ ಒಂದು ಲಿವರ್ ಎಂದು ಆ ವಯಸ್ಸಿನವನಿಗೆ ಹೇಗೆ ಗೊತ್ತಿರಬೇಕು? "ಸಾರ್, ಇದರಲ್ಲಿ ಕಿಕ್ ಇಲ್ಲ," ಎಂದ ಮೆಲ್ಲಗೆ. ರಾಯರು ಕಾಲು ನಿಲ್ಲಿಸಿದರು. ಸ್ವಲ್ಪ ಹೊತ್ತು ಮೀಟರ್ ನೋಡುತ್ತ ಕೂತರು.

ಇನ್ನೊಂದು ಬ್ಯಾಟರಿಯಿಂದ ವಯರ್ ಕೊಟ್ಟು ಹುಡುಗ ಸೆಲ್ಫ್ ಒತ್ತಿದ. ಕೆಮ್ಮಿತು, ಹೊಗೆ ಬಿಟ್ಟಿತು, ಆಮೇಲೆ ತನ್ನ ಹಳೆಯ ಗುನುಗಿಗೆ ಇಳಿಯಿತು. ಅಷ್ಟರಲ್ಲಿ ಆಗುಂಬೆಯಿಂದ ಫೋಟೋ ಬಂದಿತ್ತು. ಮಂಜು, ಮೂರು ಬೈಕು, ಕೈಯಲ್ಲಿ ಚಾ. ನನಗೆ ಕೆಳಗಿಳಿಸಲೂ ಮನಸ್ಸಿಲ್ಲ, ಹೊರಡಲೂ ಮನಸ್ಸಿಲ್ಲ.

"ಇಳಿಯಿರಿ ರಾಯರೇ."

"ಐದು ನಿಮಿಷ ಇರಲಿ, ಬ್ಯಾಟರಿ ಚಾರ್ಜ್ ಆಗ್ಲಿ," ಎಂದರು. ಹುಡುಗ 1,450 ಎಂದ. ರಾಯರ ಕಣ್ಣು ಮುಚ್ಚಿತು. "1,450... ಹಿರಿಯ ನಾಗರಿಕರಿಗಾದರೆ ಅರ್ಧ ಪರ್ಸೆಂಟ್ ಜಾಸ್ತಿ ಉಂಟು."

"ನನಗಿನ್ನೂ 48 ರಾಯರೇ."

"ನಿಮಗಲ್ಲ ಮಾರಾಯ್ರೆ," ಎಂದು ಟ್ಯಾಂಕ್ ತಟ್ಟಿದರು, "ಇದಕ್ಕೆ."