ಕೆರೆಗೆ ಕಾರಂಜಿ, ಹಕ್ಕಿಗೆ ಫಲಕ

ಅಂತೂ ಇನ್ನೊಂದು ಕೆರೆ ಅಭಿವೃದ್ಧಿಯಾಯಿತು. ಪತ್ರಿಕೆಯಲ್ಲಿ ಫೋಟೊ ನೋಡಿರುತ್ತೀರಿ: ಮುಂದೆ ರಿಬ್ಬನ್, ಹಿಂದೆ ಕಾರಂಜಿ, ನಡುವೆ ಒಂದು ಕತ್ತರಿಗೆ ಇಪ್ಪತ್ತು ಕೈ. ಮೂಲೆಯಲ್ಲಿ ‘ನಮ್ಮ ಕೆರೆಯ ಹಕ್ಕಿಗಳು’ ಎಂಬ ಬಣ್ಣದ ಫಲಕ.

ಆ ಫಲಕವನ್ನು ಹೊಗಳಲೇಬೇಕು. ಗದ್ದೆಗೊರವ ಇದೆ, ದೇವನಕ್ಕಿ ಇದೆ, ಟಿಟ್ಟಿಭ ಇದೆ. ತೆಳುನೀರು, ಕೆಸರು, ತೇಲುವ ಎಲೆ ಎಂದು ತಕರಾರು ತೆಗೆಯುತ್ತಿದ್ದ ಈ ಮಂದಿಯನ್ನೆಲ್ಲ ಕೆರೆಯಿಂದ ಎಬ್ಬಿಸಿ ತಗಡಿನ ಮೇಲೆ ಶಾಶ್ವತವಾಗಿ ಕೂರಿಸಿದ್ದಾರೆ. ಕೆರೆಗೆ ಈಗ ಕೆಸರಿನ ಕಾಟವಿಲ್ಲ. ಅಂಚನ್ನು ಸುತ್ತಲೂ ಗೋಡೆಯಂತೆ ಕಡಿದು, ಕಲ್ಲು ಕಟ್ಟಿ, ಹೂಳಿನ ಜೊತೆ ಜೊಂಡನ್ನೂ ಲಾರಿ ಹತ್ತಿಸಿದ್ದಾರೆ. ಇನ್ನು ಗೊರವ ಇಲ್ಲಿ ಇಳಿಯಬೇಕೆಂದರೆ ಮೊದಲು ಈಜು ಕಲಿಯಬೇಕು. ನೀರುಕಾಗೆಗೆ ಮಾತ್ರ ಚಿಂತೆಯಿಲ್ಲ. ಆಳದಲ್ಲಿ ಮುಳುಗಿ ಮೀನು ಹಿಡಿದು, ಕಾರಂಜಿಯ ಕೊಳವೆಯ ಮೇಲೆ ಕುಳಿತು ರೆಕ್ಕೆ ಒಣಗಿಸಿಕೊಳ್ಳುತ್ತದೆ. ಕಾರಂಜಿ ಕೆಟ್ಟಿರುವ ದಿನಗಳಲ್ಲಿ, ಅಂದರೆ ಬಹುತೇಕ ಎಲ್ಲ ದಿನಗಳಲ್ಲಿ.

ಫಲಕದ ನೆತ್ತಿಯ ಮೇಲೆ ರಾಜ್ಯಪಕ್ಷಿ ನೀಲಕಂಠ. ಹೆಸರು ಸರಿಯಾಗಿದೆ. ಚಿತ್ರ ಮಾತ್ರ ಅಮೆರಿಕದ ಬ್ಲೂ ಜೇ ಹಕ್ಕಿಯದು: ತಲೆಯಲ್ಲಿ ಜುಟ್ಟು, ಕತ್ತಿನಲ್ಲಿ ಕಪ್ಪು ಪಟ್ಟಿ. ಗುತ್ತಿಗೆದಾರರ ಮೊಬೈಲಿನಲ್ಲಿ ಮೊದಲು ಸಿಕ್ಕಿದ್ದು ಅದೇ ಇರಬೇಕು. ಉದ್ಘಾಟನೆಗೆ ಬಂದ ಯಾರಿಗೂ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ? ನಿಜವಾದ ನೀಲಕಂಠವನ್ನು ನೋಡಿದವರಿಗಲ್ಲವೇ ಅನುಮಾನ! ಬಯಲಿನ ಒಣಮರದ ತುದಿಯಲ್ಲೋ ತಂತಿಯ ಮೇಲೋ ಮಂಕಾಗಿ ಕುಳಿತಿರುತ್ತದೆ. ಮಿಡತೆಯ ಮೇಲೆ ಎರಗುವಾಗ ರೆಕ್ಕೆ ಬಿಚ್ಚಿತೆಂದರೆ ಎರಡು ಬಗೆಯ ನೀಲಿ ಒಮ್ಮೆಲೇ ಹೊತ್ತಿಕೊಂಡು ಆರಿಹೋಗುತ್ತದೆ. ಅದಕ್ಕೆ ರಾಜ್ಯಪಕ್ಷಿ ಎಂಬ ಪದವಿ ಕೊಟ್ಟೆವು. ಸಂಬಳವಿಲ್ಲ, ಭತ್ಯೆಯಿಲ್ಲ, ವಸತಿಯಂತೂ ಇಲ್ಲವೇ ಇಲ್ಲ. ಒಣಮರದ ಪೊಟರೆ ಕಂಡರೆ ಕೊಡಲಿ, ಬಯಲು ಕಂಡರೆ ಲೇಔಟ್. 2023ರಲ್ಲಿ ಬಂದ ದೇಶದ ಪಕ್ಷಿಗಳ ಸ್ಥಿತಿಗತಿ ವರದಿ, ಹನ್ನೆರಡು ವರ್ಷಗಳಲ್ಲಿ ನೀಲಕಂಠದ ಸಂಖ್ಯೆ ಶೇ 30ಕ್ಕೂ ಹೆಚ್ಚು ಇಳಿದಿದೆ ಎಂದಿತು. ನಾವು ಬ್ಲೂ ಜೇಯನ್ನು ಆಮದು ಮಾಡಿಕೊಂಡು ಕೊರತೆ ತುಂಬಿದೆವು.

ಬಯಲೆಂದರೆ ನಮ್ಮ ದಾಖಲೆಗಳಲ್ಲಿ ಬಂಜರು. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಹಿಂದೆ ಎರೆಭೂತ ಓಡಾಡುತ್ತಿತ್ತು. ಹುಲ್ಲುಗಾವಲನ್ನೇ ನಂಬಿದ ಹಕ್ಕಿ ಅದು. ಅಲ್ಲಿ ನಾವು ಬೆಳೆಸಿದ್ದು ನೀಲಗಿರಿ ಮರ. ಹಸಿರು ಹಸಿರೇ ಅಲ್ಲವೇ?

ಇನ್ನು ಎಣಿಕೆ. ಅದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಅದೇ ವರದಿಗೆ ದೇಶದ 30 ಸಾವಿರಕ್ಕೂ ಹೆಚ್ಚು ಹವ್ಯಾಸಿ ಪಕ್ಷಿವೀಕ್ಷಕರು ಮೂರು ಕೋಟಿಯಷ್ಟು ದಾಖಲೆ ಒದಗಿಸಿದ್ದರು. ಬೆಳಗಿನ ನಿದ್ದೆ ಬಿಟ್ಟು, ಕೆರೆ ಏರಿಯ ಮೇಲೆ ನಾಯಿ ಅಟ್ಟಿಸಿಕೊಂಡು, ಸ್ವಂತ ಪೆಟ್ರೋಲು ಸುಟ್ಟು ಬರೆದವು. ಯಾವ ಹಕ್ಕಿ, ಎಷ್ಟು, ಯಾವ ದಿನ, ಕೆರೆಯ ಯಾವ ಮಗ್ಗುಲಲ್ಲಿ, ಎಲ್ಲವೂ ಇದೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಯೋಜನಾ ವರದಿ ಬರೆಯುವವರು ನೋಡುವುದಿಲ್ಲ. ಅವರು ಅದನ್ನು ತೆರೆಯುವುದು ಕೊನೆಯಲ್ಲಿ, ಫಲಕಕ್ಕೆ ಹೆಸರು ಬೇಕಾದಾಗ.

1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಮೈಸೂರಿನ ಅರಸರಿಗೆ ಹೇಳಿದರು, ರಂಗನತಿಟ್ಟು ಪಕ್ಷಿಧಾಮವಾಯಿತು. ಈಗಿನವರ ಕೈಗೆ ಸಿಕ್ಕಿದ್ದರೆ ನಡುಗಡ್ಡೆಗಳಿಗೆ ಟೈಲ್ಸ್ ಬಿದ್ದಿರುತ್ತಿತ್ತು.

ನಗುವುದಕ್ಕೂ ಬೇಸರವಾಗಿದೆ. ಗೊತ್ತಿಲ್ಲದೆ ಹಾಳು ಮಾಡಿದರೆ ಕ್ಷಮಿಸಬಹುದು. ಇಲ್ಲಿ ಎಲ್ಲವೂ ಗೊತ್ತಿತ್ತು, ಬರೆದಿಟ್ಟಿತ್ತು, ಕೇಳಿದ್ದರೆ ಓಡಿ ಬಂದು ಹೇಳುವವರಿದ್ದರು. ಅವರು ಕೇಳುತ್ತಿದ್ದದ್ದಾದರೂ ಏನು? ಒಂದು ಮಗ್ಗುಲನ್ನು ಇಳಿಜಾರಾಗಿ, ಜೊಂಡು ಸಮೇತ, ಇದ್ದ ಹಾಗೆ ಬಿಡಿ ಎಂದು. ಮುಟ್ಟದೆ ಬಿಟ್ಟ ಮಗ್ಗುಲಿಗೆ ಕಾಮಗಾರಿಯ ಯಾವ ಅಳತೆ ಪುಸ್ತಕದಲ್ಲಿ ಬಿಲ್ಲು ಬರೆಯುತ್ತಾರೆ ಹೇಳಿ?