ನಿನ್ನೆ ಚೆನ್ನಾಗೇ ಇದ್ದೆಯಲ್ಲ?

ಫೈಬ್ರೊಮಯಾಲ್ಜಿಯಾ ಎಂಬ ಮೈಯೆಲ್ಲ ನೋವಿನ ಕಾಯಿಲೆ ಇರುವವರು ಅತಿ ಹೆಚ್ಚು ಕೇಳಿಸಿಕೊಳ್ಳುವ ಮಾತು ಇದೇ ಇರಬೇಕು. ಮನೆಯಲ್ಲಿ ಅತ್ತೆ ಕೇಳುತ್ತಾರೆ, ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವರು ಕೇಳುತ್ತಾರೆ, ಫೋನಿನಲ್ಲಿ ಅಕ್ಕ ಕೇಳುತ್ತಾಳೆ. ಯಾರೂ ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ, ಅದು ನನಗೂ ಗೊತ್ತು. ಮೊನ್ನೆ ಗೃಹಪ್ರವೇಶದಲ್ಲಿ ರೇಷ್ಮೆ ಸೀರೆ ಉಟ್ಟು ಪಂಕ್ತಿಗೆ ಬಡಿಸಿದವಳು ಇವತ್ತು ಕಾಫಿ ಲೋಟ ಎತ್ತಲು ಎರಡು ಕೈ ಹಾಕಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಜ್ವರ ಬಂದರೆ ಥರ್ಮಾಮೀಟರ್ ಹೇಳುತ್ತದೆ, ಮೂಳೆ ಮುರಿದರೆ ಪ್ಲಾಸ್ಟರ್ ಹೇಳುತ್ತದೆ. ನಮ್ಮ ಪರವಾಗಿ ಹೇಳಲು ಅಂಥದ್ದೇನೂ ಇಲ್ಲ.

ನನ್ನ ತಕರಾರು ಆ ಪ್ರಶ್ನೆಯ ಒಳಗಿರುವ ಲೆಕ್ಕದ ಬಗ್ಗೆ. ಗಾಂಧಿನಗರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು ನಾನು, ಹಾಗಾಗಿ ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ, ಸಹಿಸಿಕೊಳ್ಳಿ. ಈ ಕಾಯಿಲೆ ಇರುವವರ ಕೆಲಸವನ್ನು ದಿನದ ಲೆಕ್ಕದಲ್ಲಿ ನೋಡಿದರೆ ಒಂದು ದಿನವೂ ಟ್ಯಾಲಿ ಆಗುವುದಿಲ್ಲ. ಕೆಲಸವನ್ನು ತಿಂಗಳ ಲೆಕ್ಕದಲ್ಲಿ ನೋಡಿ, ವಿನಾಯಿತಿ ಕೊಡುವುದಾದರೆ ಗಂಟೆಯ ಲೆಕ್ಕದಲ್ಲಿ ಕೊಡಿ. ಇಷ್ಟು ಹೇಳುವುದಕ್ಕೇ ಈ ಉದ್ದನೆಯ ಬರಹ.

ಕಾಯಿಲೆ ಏನು ಅಂತ ಕೇಳುವವರಿಗೆ: ಮೈಯ ಎಡಕ್ಕೆ, ಬಲಕ್ಕೆ, ಸೊಂಟದ ಮೇಲೆ, ಕೆಳಗೆ, ಎಲ್ಲ ಕಡೆ ನೋವು. ರಾತ್ರಿಯೆಲ್ಲ ಮಲಗಿ ಎದ್ದರೂ ಕಲ್ಲು ಹೊತ್ತು ಬಂದಷ್ಟು ಸುಸ್ತು. ತಲೆಯೊಳಗೆ ಮಂಕು. ಇದೆಲ್ಲ ಕನಿಷ್ಠ ಮೂರು ತಿಂಗಳಿಂದ ಇರಬೇಕು. ಕೀಲು ಊದುವುದಿಲ್ಲ, ಸವೆಯುವುದಿಲ್ಲ. ಇಎಸ್‌ಆರ್, ಸಿಆರ್‌ಪಿ (ಮೈಯ ಉರಿಯೂತ ಅಳೆಯುವ ರಕ್ತಪರೀಕ್ಷೆಗಳು), ಥೈರಾಯ್ಡ್, ಎಕ್ಸ್‌ರೇ ಎಲ್ಲವೂ ಸಾಮಾನ್ಯವಾಗಿ ನಾರ್ಮಲ್. ಲ್ಯಾಬಿನ ಕವರು ತೆರೆದು "ಎಲ್ಲ ಚೆನ್ನಾಗಿದೆ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ" ಎಂದ ಡಾಕ್ಟರರನ್ನು ದಾಟಿಕೊಂಡೇ ನಮ್ಮಂಥ ಬಹಳ ಜನ ಕೊನೆಗೆ ರುಮಟಾಲಜಿಸ್ಟ್ (ಕೀಲು, ಸ್ನಾಯು ಕಾಯಿಲೆಗಳ ತಜ್ಞರು) ಹತ್ತಿರ ತಲುಪುವುದು. ಮೂಳೆ ಡಾಕ್ಟರು, ಬಿ12 ಇಂಜೆಕ್ಷನ್ನು, ಕ್ಯಾಲ್ಷಿಯಂ ಮಾತ್ರೆ, ಅತ್ತೆಯ "ವಾಯು ಇರಬೇಕು", ನನ್ನದೂ ಅದೇ ದಾರಿ. ಆ ಕಥೆ ಬೇಡ.

1990ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ಮಾಡಿದ ಮಾನದಂಡದಲ್ಲಿ ಮೈಮೇಲೆ ಗೊತ್ತುಮಾಡಿದ 18 ಜಾಗಗಳನ್ನು ಬೆರಳಿನಿಂದ ಒತ್ತಿ, 11 ಕಡೆಯಾದರೂ ನೋವಿದೆಯೇ ಎಂದು ನೋಡುತ್ತಿದ್ದರು. 2010ರಲ್ಲಿ ಆ ಒತ್ತುವ ಪರೀಕ್ಷೆಯ ಬದಲು ಬೇರೆ ಕ್ರಮ ತಂದರು: ಎಲ್ಲೆಲ್ಲಿ ನೋವು, ಸುಸ್ತು ಎಷ್ಟು, ನಿದ್ದೆ ಹೇಗೆ, ಮರೆವು ಎಷ್ಟು ಎಂದು ಕೇಳಿ ಅಂಕ ಹಾಕುವುದು. ಅಂದರೆ ವೈದ್ಯಶಾಸ್ತ್ರವೇ ರೋಗಿಯ ಮಾತನ್ನು ದಾಖಲೆ ಅಂತ ಒಪ್ಪಿಕೊಂಡಿದೆ. ಎಚ್‌ಆರ್‌ನವರಿಗೆ ಮಾತ್ರ ಇನ್ನೂ ಸ್ಕ್ಯಾನ್ ರಿಪೋರ್ಟ್ ಬೇಕು.

ನೋವು ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಾನು ಮನೆಯವರಿಗೆ ಹೇಳಿದ್ದು ಹೀಗೆ. ಗಣೇಶನ ಪೆಂಡಾಲಿನಲ್ಲಿ ಸೌಂಡ್ ಸಿಸ್ಟಂ ಹುಡುಗ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿಟ್ಟು ಊಟಕ್ಕೆ ಹೋಗಿಬಿಟ್ಟರೆ ಹಾಡು ಅದೇ ಇರುತ್ತದೆ, ಆದರೆ ಬೀದಿಯ ಕಿಟಕಿ ಗಾಜೆಲ್ಲ ನಡುಗುತ್ತದೆ. ನನ್ನ ಮಿದುಳು, ಬೆನ್ನುಹುರಿ ಮಾಡುತ್ತಿರುವುದೂ ಅದನ್ನೇ. ವಾಚಿನ ಪಟ್ಟಿ, ವ್ಯಾನಿಟಿ ಬ್ಯಾಗಿನ ಬೆಲ್ಟು, ಎಸಿಯ ಗಾಳಿ, ಇಂಥ ಸಣ್ಣ ಸಂಗತಿಗಳೂ ದೊಡ್ಡದಾಗಿ ಬಂದು ತಲುಪುತ್ತವೆ. ಗಾಯದಿಂದ ಬರುವ ನೋವು, ನರಕ್ಕೆ ಪೆಟ್ಟಾಗಿ ಬರುವ ನೋವು ಎಂಬ ಎರಡು ವರ್ಗಗಳ ಜೊತೆಗೆ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2017ರಲ್ಲಿ ನೋಸಿಪ್ಲಾಸ್ಟಿಕ್ ಎಂಬ ಮೂರನೆಯದನ್ನು ಸೇರಿಸಿತು. ಗಾಯ, ನರದ ಪೆಟ್ಟು ಎರಡೂ ಇಲ್ಲದೆ ನೋವಿನ ವ್ಯವಸ್ಥೆಯೇ ಹೀಗೆ ಏರುಪೇರಾಗಿ ಬರುವ ನೋವು ಅದು, ನಮ್ಮದೂ ಅದೇ. ನಮ್ಮ ಮನೆಯವರು ಇದನ್ನೆಲ್ಲ ಕೇಳಿ, "ಹಂಗಾದ್ರೆ ಆ ಹುಡುಗನ್ನ ಊಟದಿಂದ ಕರ್ಕೊಂಡು ಬರೋದು ಹೆಂಗೆ?" ಅಂದರು. ಅದೇ ಆಗುತ್ತಿಲ್ಲವಲ್ಲ.

ಈಗ ಕೆಲಸದ ವಿಷಯ. ಆಡಿಟರ್ ಆಫೀಸಿನಲ್ಲಿ ತಿಂಗಳು ಎಂದರೆ ತಾರೀಕುಗಳು. 7ಕ್ಕೆ ಟಿಡಿಎಸ್ (ಮೂಲದಲ್ಲೇ ಮುರಿದುಕೊಂಡ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 ಎಂಬ ಮಾರಾಟದ ವಿವರ, 20ಕ್ಕೆ 3ಬಿ ಎಂಬ ತಿಂಗಳ ತೆರಿಗೆ ರಿಟರ್ನ್. ಪಾರ್ಟಿಗಳು, ಅಂದರೆ ನಮ್ಮ ಗ್ರಾಹಕರು, ಬಿಲ್ಲು ಕಳಿಸುವುದು 19ರ ಸಂಜೆ, ಅದೂ ವಾಟ್ಸಾಪ್‌ನಲ್ಲಿ, ಅರ್ಧ ಫೋಟೊದಲ್ಲಿ ಬೆರಳೇ ಕಾಣುತ್ತಿರುತ್ತದೆ. ನೋವಿಗಿಂತ ನನ್ನನ್ನು ಇಲ್ಲಿ ಹೆಚ್ಚು ಕಾಡುವುದು ತಲೆಯ ಮಂಕು. ಸುಸ್ತು ಏರಿದ ಹೊತ್ತಿನಲ್ಲಿ 5,48,000 ಕಣ್ಣೆದುರೇ 5,84,000 ಆಗುತ್ತದೆ. ಪಾರ್ಟಿಯ ಹೆಸರು ನಾಲಿಗೆ ತುದಿಗೆ ಬಂದು ನಿಂತುಬಿಡುತ್ತದೆ.

ಹಾಗಾಗಿ ಕೆಲಸವನ್ನೇ ಬೇರೆ ಥರ ಜೋಡಿಸಿಕೊಂಡಿದ್ದೇನೆ. ಖರೀದಿಯ ತೆರಿಗೆ ಪಟ್ಟಿ, ಅಂದರೆ 2ಬಿ, ಪೋರ್ಟಲ್‌ನಲ್ಲಿ 14ಕ್ಕೆ ಬರುತ್ತದೆ, ಎಲ್ಲರೂ ಅದನ್ನು 19ಕ್ಕೆ ತೆಗೆಯುತ್ತಾರೆ. ನಾನು 15ರಿಂದಲೇ ಹೊಂದಿಸಲು ಶುರು ಮಾಡುತ್ತೇನೆ, ಮಧ್ಯೆ ಒಂದೆರಡು ದಿನ ಮೈ ಕೈಕೊಟ್ಟರೂ ಕೆಲಸ ಕೈಕೊಡಬಾರದು ಅಂತ. ಅಂಕಿ ಹೊಂದಿಸುವುದೆಲ್ಲ ಮಧ್ಯಾಹ್ನದೊಳಗೆ. ನಾಲ್ಕರ ಮೇಲೆ ಫೋನು, ಫೈಲು, ಪಾರ್ಟಿಗಳಿಗೆ ಬಯ್ಯುವುದು. (ಬಯ್ಯುವುದಕ್ಕೆ ಮಾತ್ರ ಶಕ್ತಿ ಯಾವತ್ತೂ ಕಡಿಮೆಯಾಗಿಲ್ಲ.) ದೊಡ್ಡ ಮೊತ್ತಗಳನ್ನು ಬಾಯಿಬಿಟ್ಟು ಓದುತ್ತೇನೆ, ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಹುಡುಗ ಎದುರು ಕೂತು ಟಿಕ್ ಹಾಕುತ್ತಾನೆ. ಕುರ್ಚಿಯನ್ನು ಎಸಿ ಕೆಳಗಿಂದ ಕಿಟಕಿ ಕಡೆಗೆ ಎಳೆದುಕೊಂಡಿದ್ದೇನೆ, ಒಂದು ಸ್ವೆಟರು ಖಾಯಂ ಅಲ್ಲೇ ನೇತಾಡುತ್ತಿರುತ್ತದೆ. ಜುಲೈನ ಆ ಜಿಟಿಜಿಟಿ ಮಳೆಯಲ್ಲಿ, ಅದೂ ರಿಟರ್ನ್ಸ್ ಕಾಲದಲ್ಲಿ, ಸ್ವೆಟರು ಸಾಲದು.

ಎಲ್ಲಕ್ಕಿಂತ ಕಷ್ಟದ ಪಾಠ ಒಳ್ಳೆಯ ದಿನದ್ದು. ಇದು ಹೊರಗಿನವರಿಗೆ ಅರ್ಥವಾಗುವುದೇ ಇಲ್ಲ. ಬೆಳಿಗ್ಗೆ ಎದ್ದಾಗ ಮೈ ಹಗುರ ಅನ್ನಿಸಿದ ದಿನ ಬಾಕಿ ಕೆಲಸವೆಲ್ಲ ಸಾಲಾಗಿ ಬಂದು ನಿಲ್ಲುತ್ತದೆ: ದೋಸೆಗೆ ರುಬ್ಬೋಣ, ಅಟ್ಟದ ಡಬ್ಬಿ ಇಳಿಸೋಣ, ಆ ಪಾರ್ಟಿಯ ಹಳೇ ನೋಟಿಸಿಗೆ ಇವತ್ತೇ ಉತ್ತರ ಬರೆದುಬಿಡೋಣ. ಎಲ್ಲ ಮಾಡಿದರೆ ಮುಂದಿನ ಎರಡು-ಮೂರು ದಿನ ಹಾಸಿಗೆಗೆ ಬರೆದುಕೊಟ್ಟ ಹಾಗೆ. ಫಿಸಿಯೋಥೆರಪಿಸ್ಟ್ ನನಗೆ ಕಲಿಸಿದ್ದು, ಇನ್ನೂ ಆಗುತ್ತದೆ ಅನ್ನಿಸುವಾಗಲೇ ನಿಲ್ಲಿಸುವುದನ್ನು. ಅದಕ್ಕೇ ಚೆನ್ನಾಗಿರುವ ದಿನ ಐದೂವರೆಗೆ ಸರಿಯಾಗಿ ಎದ್ದುಬಿಡುತ್ತೇನೆ. ಆಗ ಬರುವ ಮಾತು ಕೇಳಿ: "ಮೈಗೆ ಹುಷಾರಿಲ್ಲದ ದಿನ ಏಳೂವರೆವರೆಗೆ ಕೂತಿದ್ರಿ ಮೇಡಂ, ಇವತ್ತು ಫ್ರೆಶ್ ಆಗಿದ್ದೀರಿ, ಹೊರಟೇಬಿಟ್ರಾ?"

ಹೌದು, ಹೊರಟೆ. ನಾಳೆಯೂ ಬರಬೇಕಲ್ಲ.

ಹೊರಟ ಮೇಲೆ ಮೆಜೆಸ್ಟಿಕ್ ಮೆಟ್ರೊ ಇದೆ. ಹಸಿರು ಮಾರ್ಗದಲ್ಲಿ ಬನಶಂಕರಿ ತಲುಪುವವರೆಗೆ ನಿಂತೇ ಹೋದರೆ ರಾತ್ರಿ ಅಡುಗೆ ಇಲ್ಲ ಎಂದೇ ಅರ್ಥ. ಹಿರಿಯರು, ಗರ್ಭಿಣಿಯರು, ಅಂಗವಿಕಲರು ಎಂದು ಬರೆದಿರುವ ಸೀಟಿನಲ್ಲಿ ನನ್ನಂಥ ನಲವತ್ತು ದಾಟಿದ, ನೋಡಲು ಗಟ್ಟಿಮುಟ್ಟಾದ ಹೆಂಗಸು ಕೂತರೆ ಬೋಗಿಯ ಕಣ್ಣೆಲ್ಲ ನನ್ನ ಮೇಲೆ. ಕಾಣದ ಅಂಗವೈಕಲ್ಯ ಇರುವವರಿಗಾಗಿ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ ಕೊಡುವ ವ್ಯವಸ್ಥೆ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇದೆ. ಒಳ್ಳೆಯದೇ. ನಾನು ವಿಮಾನ ಹತ್ತುವುದು ಯಾವಾಗಲೋ ಒಮ್ಮೆ, ಮೆಟ್ರೊ ಹತ್ತುವುದು ದಿನಾ.

ಇನ್ನು ರಜೆ. ಬೆಂಗಳೂರಿನ ಖಾಸಗಿ ಆಫೀಸುಗಳಿಗೆ ಅನ್ವಯವಾಗುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನ ಕಾಯಿಲೆ ರಜೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಅದರಲ್ಲಿ ಫೈಬ್ರೊಮಯಾಲ್ಜಿಯಾ ಇಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ನನಗೆ ನಿಜಕ್ಕೂ ಖುಷಿಯಾಯಿತು. ಕಣ್ಣಿಗೆ ಕಾಣದ ನೋವೂ ನೋವೇ ಎಂದು ಸರ್ಕಾರಿ ಕಾಗದದಲ್ಲಿ ಬರುವುದು ಸಣ್ಣ ಮಾತಲ್ಲ. ಆದರೆ ನನಗೆ ಬೇಕಾದ್ದು ಇಡೀ ದಿನದ ರಜೆಗಿಂತ ಬೆಳಿಗ್ಗೆ ಎರಡು ಗಂಟೆ. ಎದ್ದ ತಕ್ಷಣ ಕೈಕಾಲು ಬಿಗಿದುಕೊಂಡಿರುತ್ತದೆ, ಬಿಸಿನೀರು ಸುರಿದುಕೊಂಡು, ನಿಧಾನಕ್ಕೆ ಓಡಾಡಿ, ಹನ್ನೊಂದರ ಹೊತ್ತಿಗೆ ನಾನು ಮನುಷ್ಯಳಾಗುತ್ತೇನೆ. ಬಯೋಮೆಟ್ರಿಕ್ ಮಾತ್ರ ಒಂಬತ್ತೂಮುಕ್ಕಾಲಕ್ಕೇ ಬೆರಳು ಕೇಳುತ್ತಿತ್ತು. ತಡವಾದರೆ ಅರ್ಧ ದಿನ ಕಟ್. ಅರ್ಧ ದಿನ ಹೇಗೂ ಹೋಯಿತು ಎಂದು ಮನೆಯಲ್ಲೇ ಉಳಿದರೆ ನಷ್ಟ ಆಫೀಸಿಗೇ.

ನಮ್ಮ ಸರ್ ಹತ್ತಿರ ಈ ಮಾತು ಎತ್ತುವಾಗ ವೈದ್ಯಕೀಯ ಫೈಲಿನ ಜೊತೆ ಇನ್ನೊಂದು ಹಾಳೆಯನ್ನೂ ಒಯ್ದಿದ್ದೆ. ಹಿಂದಿನ ವರ್ಷದ ನನ್ನ ಪಾರ್ಟಿಗಳೆಲ್ಲರ ರಿಟರ್ನ್ ಸಲ್ಲಿಸಿದ ತಾರೀಕು. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ನನ್ನಿಂದಾಗಿ ಯಾರೂ ಒಂದು ರೂಪಾಯಿ ಕಟ್ಟಿರಲಿಲ್ಲ. ಸರ್ ವೈದ್ಯಕೀಯ ಫೈಲು ತೆರೆಯಲೇ ಇಲ್ಲ. ಹಾಳೆ ನೋಡಿದರು, "ಹನ್ನೊಂದಕ್ಕೆ ಬನ್ನಮ್ಮ, ಆದ್ರೆ ಉಳಿದವರೂ ಶುರು ಹಚ್ಕೋಬಾರ್ದು" ಅಂದರು. ಉಳಿದವರಿಗೂ ಕೊಡಿ ಅನ್ನುವುದು ನನ್ನ ಅಭಿಪ್ರಾಯ, ಆವತ್ತು ಬಾಯಿ ಮುಚ್ಚಿಕೊಂಡಿದ್ದೆ.

ಇದೆಲ್ಲ ಮೇಜು-ಕುರ್ಚಿಯ ಕೆಲಸದವರ ಮಾತು ಎಂಬುದೂ ಗೊತ್ತು. ಪೀಣ್ಯ, ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್‌ನಲ್ಲಿ ಮೆಷೀನ್ ಮುಂದೆ ಕೂತ ಹೆಂಗಸಿಗೆ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಇರುತ್ತದೆ. ಅಲ್ಲಿ ನನ್ನ ಗಂಟೆಯ ವಾದ ತಲೆಕೆಳಗಾಗುತ್ತದೆ, ಗಂಟೆಯೇ ಅವಳ ಶತ್ರು. ತಿಂಗಳಿಗೆ 21,000 ರೂಪಾಯಿ ಸಂಬಳದೊಳಗಿನವರಿಗೆ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಇದೆ, ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ. ಆದರೆ ಅದಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟಿಗೆ ಕಾಯಿಲೆಯ ಹೆಸರು ಬೇಕು, ಆ ಹೆಸರು ತಿಳಿಯುವುದಕ್ಕೇ ನನ್ನಂಥವಳಿಗೆ ವರ್ಷಗಳು ಹಿಡಿದವು. ಅವಳ ನೋವಿಗೆ "ಮೈಕೈ ನೋವು" ಎಂದು ಬರೆದು ಎರಡು ಮಾತ್ರೆ ಕೊಟ್ಟು ಕಳಿಸಿದರೆ ಮುಗಿಯಿತು.

ವ್ಯಾಯಾಮದ ಬಗ್ಗೆ ಬೇಡವೆಂದರೂ ಬರೆಯಲೇಬೇಕು. ಯುರೋಪಿನ ರುಮಟಾಲಜಿ ಒಕ್ಕೂಟ 2016ರಲ್ಲಿ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ ಗಟ್ಟಿಯಾಗಿ ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ. ಓದಿದಾಗ ನನಗೆ ಸಿಟ್ಟೇ ಬಂದಿತ್ತು. ಈಗ ಬೀದಿ ಕೊನೆಯ ಪಾರ್ಕಿನಲ್ಲಿ ನಡೆಯುತ್ತೇನೆ, ಮೊದಲು ಐದೇ ನಿಮಿಷದಿಂದ ಶುರು ಮಾಡಿದ್ದು, ನೋವಿದ್ದರೂ ಸ್ವಲ್ಪ, ಇಲ್ಲದಿದ್ದರೂ ಅಷ್ಟೇ. ನಿದ್ದೆ ಸ್ವಲ್ಪ ಸುಧಾರಿಸಿದೆ, ಅದರಿಂದ ಬೆಳಗು ಸ್ವಲ್ಪ ಸುಧಾರಿಸಿದೆ. ಇದನ್ನು ನೋಡಿದ ಎದುರುಮನೆಯವರು "ವಾಕಿಂಗ್ ಆಗುತ್ತೆ, ಕೆಲಸಕ್ಕೆ ಲೇಟಾಗಿ ಹೋಗ್ತೀರಾ" ಅಂದದ್ದನ್ನು ಇಲ್ಲಿ ದಾಖಲಿಸಿ ಮುಂದಕ್ಕೆ ಹೋಗುತ್ತೇನೆ.

ಈ ಬರಹಕ್ಕೆ ಮಾತ್ರೆ ಹೆಸರು ಕೇಳಿ ಇನ್‌ಬಾಕ್ಸಿಗೆ ಬರುವವರು ಇದ್ದೇ ಇರುತ್ತೀರಿ. ಪ್ರಿಗ್ಯಾಬಲಿನ್, ಡುಲೊಕ್ಸೆಟಿನ್, ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಎಲ್ಲ ಈ ಕಾಯಿಲೆಗೆ ಬಳಕೆಯಲ್ಲಿವೆ. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಬರೀ ಮಂಪರು, ತೂಕ ತರಬಹುದು. ತಾವಾಗಿಯೇ ಶುರು ಮಾಡಬೇಡಿ, ಶುರು ಮಾಡಿದ್ದನ್ನು ತಾವಾಗಿಯೇ ನಿಲ್ಲಿಸಲೂಬೇಡಿ. ಇದರಲ್ಲಿ ಕೆಲವು ಖಿನ್ನತೆಗೂ ಕೊಡುವ ಮಾತ್ರೆಗಳು, ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ ಒಮ್ಮೆ ನಿಮ್ಮ ಮುಖ ನೋಡಬಹುದು, ನೋಡಲಿ ಬಿಡಿ. ರುಮಟಾಲಜಿಸ್ಟ್ ಹತ್ತಿರ ಹೋಗುವ ಮೊದಲು ಒಂದೆರಡು ವಾರ ಎಲ್ಲಿ ನೋವು, ಎಷ್ಟು ಹೊತ್ತು, ನಿದ್ದೆ ಹೇಗಿತ್ತು ಎಂದು ಬರೆದಿಟ್ಟುಕೊಂಡು ಹೋಗಿ, ಅಲ್ಲಿ ಕೂತಾಗ ಮಂಕು ಕವಿದರೆ ಹಾಳೆ ಕೊಟ್ಟುಬಿಡಬಹುದು. ಅಮೃತಬಳ್ಳಿ ಕಷಾಯ, ಮೆಂತ್ಯ, ಎಳ್ಳೆಣ್ಣೆ ಅಭ್ಯಂಜನ ಆಗಿದೆ. ಎಳ್ಳೆಣ್ಣೆ ಹಿತವಾಗಿದೆ, ಮುಂದುವರಿಸಿದ್ದೇನೆ. 20ನೇ ತಾರೀಕಿನವರೆಗೆ ಕಮೆಂಟಿಗೆ ಉತ್ತರಿಸಲು ಆಗುವುದಿಲ್ಲ.