ನಾಯಿ ಸಾಕು, ಹುಲಿ ಕಡೆ ಬಿಡಿ

ಬಂಡೀಪುರದಿಂದ ತಂದ ಬ್ಯಾಗನ್ನು ಇನ್ನೂ ಬಿಚ್ಚಿಲ್ಲ. ಅಷ್ಟರಲ್ಲೇ ಲಿಫ್ಟಿನಲ್ಲಿ, ಹಾಲಿನ ಬೂತಿನಲ್ಲಿ, ಆಫೀಸಿನಲ್ಲಿ, ಎಲ್ಲ ಕಡೆ ಒಂದೇ ಪ್ರಶ್ನೆ: "ಹುಲಿ ಸಿಕ್ತಾ?" ಇಲ್ಲ ಅಂದರೆ ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನನ್ನು ನೋಡುವ ಹಾಗೆ ನೋಡುತ್ತಾರೆ. "ಛೆ, ನಮಗೆ ಹೋದ ತಕ್ಷಣ ಸಿಕ್ತಪ್ಪ" ಅಂತ ಮೇಲೊಂದು ಪೆಟ್ಟು. ಆನೆ ನೋಡಿದೆ, ಕಾಟಿ ನೋಡಿದೆ ಅಂತ ಬಾಯಿ ತೆರೆಯುವಷ್ಟರಲ್ಲಿ ಅವರ ಫ್ಲೋರ್ ಬಂದಿರುತ್ತದೆ.

ಇವರನ್ನಾದರೂ ಸಹಿಸಬಹುದು. ನನ್ನ ಪಕ್ಕದಲ್ಲೇ ಕೂತು ಸಫಾರಿ ಮಾಡಿದ್ದು ನಮ್ಮ ಭಾವ.

ಗುಂಡ್ಲುಪೇಟೆ ದಾಟುವಾಗಲೇ ಭಾವ ಮೊಬೈಲ್ ನೋಡಿ ಲೆಕ್ಕ ಒಪ್ಪಿಸಿದ್ದರು. "2022ರ ಗಣತಿ ಪ್ರಕಾರ ಕರ್ನಾಟಕದಲ್ಲಿ 563 ಹುಲಿ ಕಣೋ. ಮಧ್ಯಪ್ರದೇಶ ಬಿಟ್ರೆ ನಾವೇ. ಅಷ್ಟರಲ್ಲಿ ಒಂದಾದ್ರೂ ಬರಲ್ವಾ?" 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಕಾಡುಗಳಲ್ಲಿ ಬಂಡೀಪುರವೂ ಒಂದು ಎಂದೆ. "ಐವತ್ತು ವರ್ಷ ಆಯ್ತು, ಇನ್ನೂ ನಾಚಿಕೆನಾ ಅದಕ್ಕೆ?" ಎಂದರು.

ಬಸ್ಸು ಕಾಡಿನೊಳಗೆ ಹೋಯಿತು. ಜಿಂಕೆ ಹಿಂಡು ಕಂಡಿತು. "ಮೈಸೂರು ಝೂನಲ್ಲಿ ಬೇಕಾದಷ್ಟಿದೆ." ನವಿಲು. "ನಮ್ಮೂರ ಹೊಲದಲ್ಲಿ ಇದಕ್ಕಿಂತ ಜಾಸ್ತಿ, ಬಿತ್ತಿದ ಕಾಳೆಲ್ಲ ತಿಂದು ಹಾಕ್ತವೆ." ಮುಂದೆ ಒಂದು ಆನೆಮರಿ. ತಾಯಿಯ ಕಾಲ ಸಂದಿಯಲ್ಲಿ ನಿಂತು, ಬೆನ್ನಿಗೆ ಮಣ್ಣು ಹಾಕಿಕೊಳ್ಳಲು ಹೋಗಿ ಮುಖಕ್ಕೇ ಎರಚಿಕೊಂಡಿತು. ಬಸ್ಸಿನವರೆಲ್ಲ ನಕ್ಕರು. ಭಾವ ವಾಚು ನೋಡಿಕೊಂಡರು. "ದಸರಾದಲ್ಲಿ ಹತ್ತಿರದಿಂದಲೇ ನೋಡಿದೀವಲ್ಲ."

ಒಂದು ತಿರುವಿನಲ್ಲಿ ಡ್ರೈವರ್ ಗಕ್ಕನೆ ನಿಲ್ಲಿಸಿ ಪಿಸುಗುಟ್ಟಿದರು. "ಸೀಳುನಾಯಿ ಸಾರ್, ಎಡಗಡೆ."

ಐದಾರು ಇದ್ದವು. ಕೆಂಚು ಮೈ, ಪೊದೆಯಂಥ ಕಪ್ಪು ಬಾಲ. ಒಂದರ ಮೂತಿಯಲ್ಲಿ ಇನ್ನೂ ಹಸಿ ರಕ್ತ, ಇನ್ನೊಂದು ಅದನ್ನು ನೆಕ್ಕುತ್ತಿತ್ತು. ಊರ ನಾಯಿಯ ಹಾಗೆ ಬೊಗಳುವುದಿಲ್ಲ ಇವು, ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ. ಜಗತ್ತಿನಲ್ಲೇ ಅಳಿವಿನಂಚಿನಲ್ಲಿರುವ ಪ್ರಾಣಿ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

"ನಾಯಿನಾ?" ಎಂದರು ಭಾವ, ಇಡೀ ಬಸ್ಸಿಗೆ ಕೇಳುವ ಹಾಗೆ. "ನಮ್ಮ ಲೇಔಟಿಗೆ ಬನ್ನಿ. ರಾತ್ರಿ ಹತ್ತರ ಮೇಲೆ ಬೈಕಲ್ಲಿ ಬನ್ನಿ, ಇದರಪ್ಪನಂಥವು ಅಟ್ಟಿಸ್ಕೊಂಡ್ ಬರ್ತವೆ. ಟಿಕೆಟ್ಟೂ ಬೇಡ." ಸುತ್ತಲಿನವರು ಕಿಸಕ್ಕೆಂದರು. ಸೀಳುನಾಯಿಗಳು ಕಿವಿ ನಿಮಿರಿಸಿ ಲಂಟಾನದೊಳಗೆ ನುಗ್ಗಿ ಮಾಯವಾದವು. ಭಾವ ಅಷ್ಟಕ್ಕೆ ಬಿಡಬೇಕಲ್ಲ. "ಡ್ರೈವರ್ರೇ, ನಾಯಿ ಸಾಕು. ಹುಲಿ ಕಡೆ ಬಿಡಿ."

ಡ್ರೈವರ್ ಕನ್ನಡಿಯಲ್ಲೇ ನೋಡಿದರು. "ಅಡ್ರೆಸ್ ಇದ್ರೆ ಕೊಡಿ ಸಾರ್, ಮನೆ ಬಾಗಿಲಿಗೇ ಬಿಡ್ತೀನಿ."

ಪಾಪ, ಆ ಮನುಷ್ಯ ಬೆಳಿಗ್ಗೆ ಒಂದು ಬಸ್ಸು ಭಾವಂದಿರನ್ನು, ಸಂಜೆ ಇನ್ನೊಂದು ಬಸ್ಸು ಭಾವಂದಿರನ್ನು ಸುತ್ತಾಡಿಸಬೇಕು. ಹೂವು ಚಂದ ಅಂತ ಹೊರದೇಶದಿಂದ ತಂದ ಲಂಟಾನ ಈಗ ಕಾಡಿಡೀ ಹಬ್ಬಿದೆ. ಹತ್ತು ಅಡಿ ಆಚೆ ಹುಲಿ ಮಲಗಿದ್ದರೂ ಕಾಣುವುದಿಲ್ಲ. ಆ ಸಿಟ್ಟೂ ಡ್ರೈವರ್ ಮೇಲೆಯೇ. ಚಿಕ್ಕವರಿದ್ದಾಗ ಅಜ್ಜಿ ಮನೆಯಲ್ಲಿ ರಾತ್ರಿ ಕೆರೆ ಕಡೆ ನರಿ ಊಳಿಟ್ಟರೆ ನಾವು ಕಂಬಳಿಯೊಳಗೆ ಮುದುಡಿಕೊಳ್ಳುತ್ತಿದ್ದೆವು. ಬೆಳಿಗ್ಗೆಯೆಲ್ಲ ಅದೇ ಮಾತು. ನರಿಯನ್ನು ಯಾರೂ ನೋಡಿರುತ್ತಿರಲಿಲ್ಲ, ನೋಡಿದೆಯಾ ಅಂತ ಯಾರೂ ಕೇಳುತ್ತಲೂ ಇರಲಿಲ್ಲ. ಕೂಗು ಕೇಳಿದ್ದೇ ದೊಡ್ಡ ಸಂಗತಿ. ಈಗ ಆ ಕೆರೆಯೂ ಇಲ್ಲ, ಸೈಟುಗಳಾಗಿವೆ.

ವಾಪಸ್ ಬರುವಾಗ ಭಾವನ ಫೋನು ಶುರುವಾಯಿತು. ಗುಂಡ್ಲುಪೇಟೆಯಲ್ಲಿ ಅಕ್ಕನಿಗೆ, "ಹೆಜ್ಜೆ ಗುರುತು ಸಿಕ್ತು, ಹಸಿ ಹಸಿ ಇತ್ತು." ಬೇಗೂರಿನಲ್ಲಿ ಯಾರೋ ಸ್ನೇಹಿತರಿಗೆ, "ಪೊದೆ ಅಲ್ಲಾಡ್ತು ಕಣಯ್ಯ." ನಂಜನಗೂಡಿಗೆ ಬರುವಷ್ಟರಲ್ಲಿ ಬಾಲ ಕಂಡಿತ್ತು. ಮೈಸೂರು ರಿಂಗ್ ರೋಡಿನಲ್ಲಿ ಪೂರ್ತಿ ಹುಲಿಯೇ ಎದ್ದು ಬಸ್ಸಿನ ಕಡೆ ಗುರಾಯಿಸಿತು. ಮದ್ದೂರಿನಲ್ಲಿ ವಡೆ ಮುರಿಯುತ್ತಾ ಪಕ್ಕದ ಟೇಬಲ್ಲಿನವರಿಗೆ ಹೇಳುವಾಗಂತೂ ಅದರ ಜೊತೆ ಎರಡು ಮರಿಗಳೂ ಇದ್ದವು. "ಇವನೂ ಇದ್ದ. ಅಲ್ವೇನೋ?" ಎಂದು ನನ್ನ ಕಡೆ ತಿರುಗಿದರು.

"ಹೌದು ಭಾವ, ಮರಿ ಮೂರಿದ್ವು" ಎಂದೆ. ಬಿಲ್ಲು ಇನ್ನೂ ಅವರ ಕೈಯಲ್ಲಿತ್ತು.